ಶನಿವಾರ ಇಳಿದು ಭಾನುವಾರ ಹೊರಡಿ: ವಿದ್ಯಾರ್ಥಿಗಳಿಗೆ ಲಂಡನ್ ವೀಕೆಂಡ್ ಮಾರ್ಗದರ್ಶಿ

ಲೀಡ್ಸ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ಕಾರ್ಡಿಫ್, ಎಲ್ಲೇ ಓದುತ್ತಿರಿ, ಮನೆಯಿಂದ ಫೋನ್ ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಲಂಡನ್ ನೋಡಿದ್ಯಾ?" ಕ್ಲಾಸು, ಅಸೈನ್‌ಮೆಂಟು, ಪಾರ್ಟ್ ಟೈಮ್ ಕೆಲಸದ ನಡುವೆ ಒಂದು ಶನಿವಾರ, ಒಂದು ಭಾನುವಾರ ಬಿಡುವು ಸಿಕ್ಕರೆ ಅದು ಸಾಕು. ಈ ಬರಹ ಹಾಗೆ ಹೋಗಿಬರುವವರಿಗಾಗಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲಂಡನ್ನಿನಲ್ಲಿ ನೋಡುವುದಕ್ಕೆ ದುಡ್ಡು ಬೇಕಿಲ್ಲ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಟೇಟ್ ಮಾಡರ್ನ್, ಸೈನ್ಸ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಇವಕ್ಕೆಲ್ಲ ಪ್ರವೇಶ ಉಚಿತ. ದುಡ್ಡು ಹೋಗುವುದು ಅಲ್ಲಿಗೆ ತಲುಪುವುದಕ್ಕೆ ಮತ್ತು ರಾತ್ರಿ ಮಲಗುವುದಕ್ಕೆ. ಹೆಚ್ಚಿನವರು ಜಾಗಗಳ ಪಟ್ಟಿ ಮಾಡುವುದರಲ್ಲೇ ವಾರ ಕಳೆದು, ಕೊನೆಗೆ ದುಬಾರಿ ರೈಲು ಟಿಕೆಟ್ ತೆಗೆಯುತ್ತಾರೆ. ನೀವು ಉಲ್ಟಾ ಮಾಡಿ. ಮೊದಲು ಟಿಕೆಟ್, ಆಮೇಲೆ ಹಾಸಿಗೆ, ಕೊನೆಗೆ ಪಟ್ಟಿ.

ಹೆಜ್ಜೆ 1: ಯಾವ ವೀಕೆಂಡ್?

ಮೊದಲು ಬೆಳಕು ಎಷ್ಟು ಹೊತ್ತು ಇರುತ್ತದೆ ನೋಡಿ. ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಸಂಜೆ 4ಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಜೂನ್‌ನಲ್ಲಿ ರಾತ್ರಿ 9 ದಾಟಿದರೂ ಬೆಳಕಿರುತ್ತದೆ. ನಡೆದು ನೋಡುವ ಊರಿನಲ್ಲಿ ಇದು ದೊಡ್ಡ ವ್ಯತ್ಯಾಸ. ಹಾಗಂತ ಚಳಿಗಾಲ ಬೇಡವೇ ಬೇಡ ಅಂತಲ್ಲ. ದೀಪಗಳು ಚೆಂದ, ಹಾಸ್ಟೆಲ್ ದರವೂ ಕೆಲವೊಮ್ಮೆ ಇಳಿದಿರುತ್ತದೆ. ಹೊರಗಿನ ಜಾಗಗಳನ್ನು ಬೆಳಿಗ್ಗೆಗೂ ಮ್ಯೂಸಿಯಂಗಳನ್ನು ಮಧ್ಯಾಹ್ನಕ್ಕೂ ಇಟ್ಟುಕೊಂಡರೆ ಆಯಿತು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಸುಮ್ನೆ ಒಂದು ಗಂಟೆ ನಿದ್ದೆ ಜಾಸ್ತಿ. ಮಾರ್ಚ್ ಕೊನೆಯ ಭಾನುವಾರ ಅದನ್ನು ವಾಪಸ್ ಕಿತ್ತುಕೊಳ್ಳುತ್ತಾರೆ.

ಇನ್ನೊಂದು ಮುಖ್ಯ ವಿಷಯ ಹಳಿ ರಿಪೇರಿ. ಬ್ರಿಟನ್ನಿನಲ್ಲಿ ರೈಲು ಹಳಿಗಳ ಕೆಲಸ ಹೆಚ್ಚಾಗಿ ನಡೆಯುವುದು ಭಾನುವಾರ ಮತ್ತು ಬ್ಯಾಂಕ್ ಹಾಲಿಡೇ (ಸಾರ್ವಜನಿಕ ರಜೆ) ವೀಕೆಂಡ್‌ಗಳಲ್ಲಿ. ಎರಡು ಗಂಟೆಯ ಪ್ರಯಾಣ ಅರ್ಧ ಬಸ್, ಅರ್ಧ ರೈಲಾಗಿ ನಾಲ್ಕು ಗಂಟೆ ಹಿಡಿಯಬಹುದು. ಟಿಕೆಟ್ ತೆಗೆಯುವ ಮುಂಚೆ ನ್ಯಾಷನಲ್ ರೈಲ್ ವೆಬ್‌ಸೈಟ್‌ನಲ್ಲಿ ನಿಮ್ಮ ಮಾರ್ಗ ನೋಡಿ. ಲಂಡನ್ ಟ್ಯೂಬ್‌ನಲ್ಲೂ (ಅಲ್ಲಿನ ಮೆಟ್ರೋ ರೈಲು) ವೀಕೆಂಡ್‌ನಲ್ಲಿ ಕೆಲವು ಲೈನ್ ಮುಚ್ಚಿರುತ್ತವೆ. ಯಾವುದು ಅಂತ ಲಂಡನ್ ಸಾರಿಗೆ ಸಂಸ್ಥೆಯಾದ ಟಿಎಫ್‌ಎಲ್ ಸೈಟ್‌ನಲ್ಲಿ ಮೊದಲೇ ಹಾಕಿರುತ್ತಾರೆ.

ಹೆಜ್ಜೆ 2: ಹೋಗಿಬರುವ ಟಿಕೆಟ್

16-25 ರೈಲ್‌ಕಾರ್ಡ್ (ಆ ವಯಸ್ಸಿನವರ ರೈಲು ರಿಯಾಯಿತಿ ಕಾರ್ಡ್) ಇಲ್ಲದೆ ರೈಲು ಹತ್ತಬೇಡಿ. 2025ರ ದರ ವರ್ಷಕ್ಕೆ 35 ಪೌಂಡ್, ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ನಮ್ಮವರು ಎಷ್ಟೋ ಜನ ಎರಡು ಮೂರು ವರ್ಷ ಕೆಲಸ ಮಾಡಿ ಆಮೇಲೆ ಮಾಸ್ಟರ್ಸ್‌ಗೆ ಹೋಗಿರುತ್ತಾರೆ, "ನನಗೆ 27, ನನಗೆಲ್ಲಿ ಸಿಗುತ್ತೆ" ಅಂತ ಬಿಟ್ಟುಬಿಡುತ್ತಾರೆ. 26 ದಾಟಿದ್ದರೂ ಫುಲ್ ಟೈಮ್ ವಿದ್ಯಾರ್ಥಿಯಾಗಿದ್ದರೆ ಈ ಕಾರ್ಡ್ ಸಿಗುತ್ತದೆ. ವಿಶ್ವವಿದ್ಯಾಲಯದಿಂದ ದೃಢೀಕರಣ ಬೇಕು, ಅಷ್ಟೇ. ವಾರದ ದಿನಗಳಲ್ಲಿ ಬೆಳಿಗ್ಗೆ 10ರ ಒಳಗಿನ ಪ್ರಯಾಣಕ್ಕೆ ಕನಿಷ್ಠ ದರದ ಒಂದು ಕಟ್ಟುಪಾಡಿದೆ. ಶನಿವಾರ, ಭಾನುವಾರ ಅದು ಇಲ್ಲ.

ಅಡ್ವಾನ್ಸ್ ಟಿಕೆಟ್ ಅಗ್ಗ. ಆದರೆ ಅದು ಆ ಒಂದು ರೈಲಿಗೆ ಮಾತ್ರ. ತಪ್ಪಿಸಿಕೊಂಡರೆ ಹೊಸ ಟಿಕೆಟ್ ಕೊಳ್ಳಬೇಕು, ಆಗಿನ ದರ ನೋಡಿದರೆ ತಲೆ ತಿರುಗುತ್ತದೆ. ಹಾಗಾಗಿ ವಾಪಸ್ ಬರುವ ರೈಲನ್ನು ಸ್ವಲ್ಪ ತಡವಾಗಿಯೇ ಇಟ್ಟುಕೊಳ್ಳಿ. ಬರ್ಮಿಂಗ್‌ಹ್ಯಾಮ್‌ನಂಥ ಊರಿಂದ ಒಂದಕ್ಕಿಂತ ಹೆಚ್ಚು ಕಂಪನಿಗಳ ರೈಲುಗಳಿವೆ. ಅರ್ಧ ಗಂಟೆ ಜಾಸ್ತಿ ಹಿಡಿಯುವ ರೈಲು ಎಷ್ಟೋ ಸಲ ಬಹಳ ಕಡಿಮೆ ದರಕ್ಕೆ ಸಿಗುತ್ತದೆ.

ಇನ್ನೂ ಅಗ್ಗವಾಗಬೇಕೆಂದರೆ ಕೋಚ್, ಅಂದರೆ ದೂರದೂರಿನ ಬಸ್. ನ್ಯಾಷನಲ್ ಎಕ್ಸ್‌ಪ್ರೆಸ್, ಫ್ಲಿಕ್ಸ್‌ಬಸ್ ಎರಡೂ ವಿಕ್ಟೋರಿಯಾ ಕೋಚ್ ಸ್ಟೇಷನ್‌ಗೆ ಹೋಗುತ್ತವೆ. ಎರಡು ಮೂರು ಗಂಟೆಯ ದೂರಕ್ಕೆ ಕೋಚ್ ಒಳ್ಳೆಯದೇ. ಎಡಿನ್‌ಬರಾದಿಂದ ರಾತ್ರಿಯಿಡೀ ಕೂತು ಬಂದು ಶನಿವಾರ ಪೂರ್ತಿ ನಡೆಯುತ್ತೇನೆ ಅನ್ನುವುದು ಮಾತ್ರ ದೇಹಕ್ಕೆ ಮಾಡುವ ಅನ್ಯಾಯ.

ಎಲ್ಲಿ ಇಳಿಯುತ್ತೀರಿ ಅನ್ನುವುದನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಲೀಡ್ಸ್, ಯಾರ್ಕ್, ನ್ಯೂಕಾಸಲ್ ರೈಲುಗಳು ಕಿಂಗ್ಸ್ ಕ್ರಾಸ್‌ಗೆ. ಮ್ಯಾಂಚೆಸ್ಟರ್, ಲಿವರ್‌ಪೂಲ್ ಕಡೆಯವು ಯೂಸ್ಟನ್‌ಗೆ. ಶೆಫೀಲ್ಡ್, ನಾಟಿಂಗ್‌ಹ್ಯಾಮ್, ಲೆಸ್ಟರ್ ಸೇಂಟ್ ಪ್ಯಾಂಕ್ರಸ್‌ಗೆ. ಬ್ರಿಸ್ಟಲ್, ಕಾರ್ಡಿಫ್ ಪ್ಯಾಡಿಂಗ್ಟನ್‌ಗೆ.

ಹೆಜ್ಜೆ 3: ಒಂದು ರಾತ್ರಿಯ ಹಾಸಿಗೆ

ಪರಿಚಯದವರ ಮನೆ ಇದ್ದರೆ ಸಂಕೋಚ ಬಿಟ್ಟು ಕೇಳಿ. ಇಲ್ಲದಿದ್ದರೆ ಹಾಸ್ಟೆಲ್ ಡಾರ್ಮ್. ವೈಎಚ್‌ಎ ಸಂಸ್ಥೆಯ ಸೇಂಟ್ ಪ್ಯಾಂಕ್ರಸ್ ಹಾಸ್ಟೆಲ್ ಯೂಸ್ಟನ್ ರಸ್ತೆಯಲ್ಲೇ ಇದೆ. ಉತ್ತರದ ಊರುಗಳಿಂದ ರೈಲಿನಲ್ಲಿ ಬರುವವರು ನಡೆದೇ ಹೋಗಬಹುದು. ದೂರದ ಬಡಾವಣೆಯಲ್ಲಿ ಹತ್ತು ಪೌಂಡ್ ಕಡಿಮೆಗೆ ಸಿಗುತ್ತದೆ ಅಂತ ಹೋಗಬೇಡಿ. ಓಡಾಟದ ಖರ್ಚು, ಅದಕ್ಕಿಂತ ಜಾಸ್ತಿ ಓಡಾಟದ ಸಮಯ, ಎರಡೂ ಸೇರಿ ಆ ಉಳಿತಾಯವನ್ನು ತಿಂದುಹಾಕುತ್ತವೆ.

ಬುಕ್ ಮಾಡುವಾಗ ಮೂರು ವಿಷಯ ನೋಡಿ. ಚೆಕ್-ಇನ್‌ಗೆ ಮುಂಚೆ ಬ್ಯಾಗ್ ಇಟ್ಟುಕೊಳ್ಳುತ್ತಾರಾ? ಲಾಕರ್‌ಗೆ ಬೀಗ ನೀವೇ ತರಬೇಕಾ? ಹುಡುಗಿಯರಿಗೆ ಬೇರೆ ಡಾರ್ಮ್ ಬೇಕಿದ್ದರೆ ಇದೆಯಾ? ಚೆಕ್-ಇನ್ ವೇಳೆ ಗುರುತಿನ ದಾಖಲೆ ಕೇಳಬಹುದು. ಆದ್ದರಿಂದ ಪಾಸ್‌ಪೋರ್ಟ್ ಜೊತೆಗಿರಲಿ.

ಬ್ಯಾಗ್ ಒಂದೇ ಇರಲಿ, ಬೆನ್ನಿಗೆ ಹಾಕುವಂಥದ್ದು. ಚಕ್ರದ ಸೂಟ್‌ಕೇಸ್ ಇದ್ದರೆ ಬ್ರಿಟಿಷ್ ಮ್ಯೂಸಿಯಂ ಒಳಗೆ ಬಿಡುವುದೇ ಇಲ್ಲ.

ಹೆಜ್ಜೆ 4: ಕಾರ್ಡ್ ತಟ್ಟುವ ವಿದ್ಯೆ

ಲಂಡನ್ ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ. ನಿಮ್ಮ ಬ್ರಿಟಿಷ್ ಬ್ಯಾಂಕಿನ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಅಥವಾ ಫೋನ್ ತಟ್ಟಿದರೆ ಸಾಕು. ಭಾರತದ ಕಾರ್ಡ್ ತಟ್ಟಿದರೆ ಪ್ರತಿ ಸಲಕ್ಕೂ ವಿದೇಶಿ ವಿನಿಮಯದ ಶುಲ್ಕ ಬೀಳಬಹುದು, ಅದನ್ನು ಪಕ್ಕಕ್ಕಿಡಿ.

ಟ್ಯೂಬ್‌ನಲ್ಲಿ ಹತ್ತುವಾಗಲೂ ಇಳಿಯುವಾಗಲೂ ತಟ್ಟಬೇಕು. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಪೂರ್ವ ಲಂಡನ್ ಕಡೆಯ ಡಿಎಲ್‌ಆರ್ ಎಂಬ ಲಘು ರೈಲಿನ ಎಷ್ಟೋ ನಿಲ್ದಾಣಗಳಲ್ಲಿ ಗೇಟೇ ಇರುವುದಿಲ್ಲ, ಕಂಬದ ಮೇಲಿನ ರೀಡರ್‌ಗೆ ನೆನಪಿಟ್ಟು ತಟ್ಟಬೇಕು. ಮರೆತರೆ ಗರಿಷ್ಠ ದರ ಕಡಿತವಾಗುತ್ತದೆ.

ದಿನಕ್ಕೆ ಇಷ್ಟಕ್ಕಿಂತ ಜಾಸ್ತಿ ಕಡಿತವಾಗದಂತೆ ಒಂದು ಮಿತಿ ಇದೆ. 2025ರಲ್ಲಿ 1-2 ವಲಯಗಳಿಗೆ, ಅಂದರೆ ಊರಿನ ನಡುಭಾಗಕ್ಕೆ, ಅದು 8.90 ಪೌಂಡ್. ಬಸ್ಸಲ್ಲೇ ಓಡಾಡಿದರೆ 5.25 ಪೌಂಡ್. ಈ ಮಿತಿ ಸಿಗಬೇಕೆಂದರೆ ಇಡೀ ದಿನ ಒಂದೇ ಸಾಧನ ತಟ್ಟಬೇಕು. ಬೆಳಿಗ್ಗೆ ಕಾರ್ಡ್, ಮಧ್ಯಾಹ್ನ ಫೋನ್ ಅಂತ ಮಾಡಿದರೆ, ಎರಡೂ ಒಂದೇ ಖಾತೆಯದ್ದಾದರೂ, ವ್ಯವಸ್ಥೆಯ ಲೆಕ್ಕಕ್ಕೆ ನೀವು ಇಬ್ಬರು ಪ್ರಯಾಣಿಕರು. ಒಂದೇ ಕಾರ್ಡಿನಲ್ಲಿ ಇಬ್ಬರು ಗೆಳೆಯರು ಹೋಗುವುದೂ ಆಗುವುದಿಲ್ಲ, ಒಬ್ಬರಿಗೆ ಒಂದು.

ಬಸ್ ದರ 2025ರಲ್ಲಿ 1.75 ಪೌಂಡ್. ಮೊದಲ ಬಸ್ ಹತ್ತಿದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಅಷ್ಟೇ ದುಡ್ಡು. ಊರು ನೋಡಲು ಬಂದವರಿಗೆ ಟ್ಯೂಬ್‌ಗಿಂತ ಇದೇ ಲಾಭ ಅಂತ ನನ್ನ ಲೆಕ್ಕ. ಸುರಂಗದಲ್ಲಿ ಏನು ನೋಡುತ್ತೀರಿ? ಡಬಲ್ ಡೆಕ್ಕರ್‌ನ ಮೇಲಿನ ಮುಂದಿನ ಸೀಟು ಹಿಡಿದು 9ನೇ ನಂಬರ್‌ನಲ್ಲಿ ಕೂತರೆ ಟ್ರಫಾಲ್ಗರ್ ಸ್ಕ್ವೇರ್, ಪಿಕಡಿಲಿ, ಹೈಡ್ ಪಾರ್ಕ್ ಮೂಲೆ, ರಾಯಲ್ ಆಲ್ಬರ್ಟ್ ಹಾಲ್ ಎಲ್ಲ ಕಿಟಕಿ ಮುಂದೆಯೇ ಹಾದುಹೋಗುತ್ತವೆ. ದುಬಾರಿ ಟೂರಿಸ್ಟ್ ಬಸ್ಸಿನ ಅರ್ಧ ಕೆಲಸ ಇಲ್ಲೇ ಆಗಿಹೋಯಿತು.

ಪದೇ ಪದೇ ಲಂಡನ್ನಿಗೆ ಹೋಗುವವರಾದರೆ ಒಂದು ಆಯ್ಸ್ಟರ್ ಕಾರ್ಡ್ (ದುಡ್ಡು ತುಂಬಿಸಿ ತಟ್ಟುವ ಲಂಡನ್ ಪ್ರಯಾಣದ ಕಾರ್ಡ್) ಕೊಂಡು, ಟ್ಯೂಬ್ ನಿಲ್ದಾಣದ ಸಿಬ್ಬಂದಿಗೆ ಹೇಳಿ ರೈಲ್‌ಕಾರ್ಡ್ ಜೋಡಿಸಿಕೊಳ್ಳಿ. ವೀಕೆಂಡ್‌ನ ಟ್ಯೂಬ್ ದರದಲ್ಲೂ ದಿನದ ಮಿತಿಯಲ್ಲೂ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಬಸ್ಸಿಗೆ ಈ ರಿಯಾಯಿತಿ ಇಲ್ಲ. ಒಂದೇ ಸಲ ಹೋಗುವವರಿಗೆ ಆಯ್ಸ್ಟರ್ ಕಾರ್ಡಿನ ಬೆಲೆಯೇ ದಂಡ.

ಹೆಜ್ಜೆ 5: ಮೊದಲೇ ಬುಕ್ ಮಾಡಬೇಕಾದ್ದು

ಗಂಟೆ ನಿಗದಿಯಾದ ಬುಕಿಂಗ್ ದಿನಕ್ಕೆ ಒಂದು ಸಾಕು. ಎರಡಾದರೆ ಇಡೀ ದಿನ ಗಡಿಯಾರ ನೋಡುತ್ತಾ ಓಡುವುದೇ ಆಗುತ್ತದೆ.

ಎತ್ತರದಿಂದ ಊರು ನೋಡಬೇಕೆಂದರೆ ಸ್ಕೈ ಗಾರ್ಡನ್, ಹೊರೈಜನ್ 22 ಎರಡಕ್ಕೂ ದುಡ್ಡಿಲ್ಲ, ಆದರೆ ಆನ್‌ಲೈನ್‌ನಲ್ಲಿ ಸಮಯ ಕಾದಿರಿಸಬೇಕು. ವೀಕೆಂಡ್‌ನ ಟಿಕೆಟ್ ಬಿಟ್ಟ ತಕ್ಷಣ ಖಾಲಿಯಾಗುತ್ತವೆ, ಒಂದೆರಡು ವಾರ ಮೊದಲೇ ಕಣ್ಣಿಟ್ಟಿರಿ. ಹೊರೈಜನ್ 22 ಇರುವುದು 58ನೇ ಮಹಡಿಯಲ್ಲಿ. ಬ್ರಿಟಿಷ್ ಮ್ಯೂಸಿಯಂಗೂ ಉಚಿತ ಬುಕಿಂಗ್ ಇದೆ, ಮಾಡಿಕೊಂಡರೆ ಸಾಲಿನಲ್ಲಿ ನಿಲ್ಲುವ ಹೊತ್ತು ಉಳಿಯುತ್ತದೆ.

ದುಡ್ಡು ಕೊಟ್ಟು ನೋಡುವಂಥದ್ದು ಒಂದನ್ನು ಆರಿಸಬೇಕಿದ್ದರೆ ನನ್ನ ಮತ ಟವರ್ ಆಫ್ ಲಂಡನ್‌ಗೆ. ಕೊಹಿನೂರ್ ಇರುವುದೂ ಅಲ್ಲೇ. ಆದರೆ ಅರ್ಧ ದಿನ ಬೇಕು, ದರವೂ ಜೋರು, ವಿದ್ಯಾರ್ಥಿ ರಿಯಾಯಿತಿ ಕೇಳಿ. ನದಿ ದಂಡೆಯ ದೈತ್ಯ ಚಕ್ರ ಲಂಡನ್ ಐ ಬೇಡ. ಅದರ ಮೇಲಿಂದ ಕಾಣುವುದು ಹೊರೈಜನ್ 22ರಿಂದಲೂ ಕಾಣುತ್ತದೆ.

ಹೆಜ್ಜೆ 6: ಶನಿವಾರ, ನದಿ ಹಿಡಿದು ನಡೆಯಿರಿ

ಬ್ಯಾಗ್ ಹಾಸ್ಟೆಲ್‌ನಲ್ಲಿಟ್ಟು ಬ್ರಿಟಿಷ್ ಮ್ಯೂಸಿಯಂಗೆ ನಡೆಯಿರಿ. ಯೂಸ್ಟನ್, ಕಿಂಗ್ಸ್ ಕ್ರಾಸ್ ಕಡೆಯಿಂದ ಸುಮಾರು 20-25 ನಿಮಿಷ. 10 ಗಂಟೆಗೆ ತೆರೆಯುತ್ತದೆ. ಸಂಗ್ರಹದಲ್ಲಿ ಸುಮಾರು 80 ಲಕ್ಷ ವಸ್ತುಗಳಿವೆ, ಪ್ರದರ್ಶನಕ್ಕಿರುವುದು ಅದರಲ್ಲಿ ಶೇ. 1ರಷ್ಟು. ಆ ಶೇ. 1ನ್ನೂ ನೋಡಿ ಮುಗಿಸಲು ಆಗುವುದಿಲ್ಲ. ಮೂರು ಕೋಣೆ ಆರಿಸಿ, ಎರಡು ಗಂಟೆಯೊಳಗೆ ನೋಡಿ ಹೊರಬನ್ನಿ. ನನ್ನ ಮೂರು: 4ನೇ ಕೋಣೆಯ ರೊಸೆಟ್ಟಾ ಕಲ್ಲು, 18ರಲ್ಲಿರುವ ಪಾರ್ಥೆನಾನ್ ಶಿಲ್ಪಗಳು, 33ಎಯಲ್ಲಿರುವ ಅಮರಾವತಿ ಸ್ತೂಪದ ಶಿಲ್ಪಗಳು. ರೊಸೆಟ್ಟಾ ಮುಂದೆ ಜಾತ್ರೆ. ಅಮರಾವತಿಯ ಮುಂದೆ ಎಷ್ಟೋ ಸಲ ನೀವೊಬ್ಬರೇ. ಹೋಗುವ ಮುಂಚೆ ಯಾವ ಕೋಣೆ ತೆರೆದಿದೆ ಅಂತ ಸೈಟ್‌ನಲ್ಲಿ ನೋಡುವುದು ಒಳ್ಳೆಯದು.

ಅಲ್ಲಿಂದ ಕೋವೆಂಟ್ ಗಾರ್ಡನ್, ನಂತರ ಟ್ರಫಾಲ್ಗರ್ ಸ್ಕ್ವೇರ್. ನಡೆದೇ ಹೋಗಿ. ಕೋವೆಂಟ್ ಗಾರ್ಡನ್ ಮತ್ತು ಲೆಸ್ಟರ್ ಸ್ಕ್ವೇರ್ ಟ್ಯೂಬ್ ನಿಲ್ದಾಣಗಳ ನಡುವೆ 300 ಮೀಟರ್ ಕೂಡ ಇಲ್ಲ, ಆದರೂ ಜನ ದುಡ್ಡು ಕೊಟ್ಟು ರೈಲು ಹತ್ತುತ್ತಾರೆ! ಕೋವೆಂಟ್ ಗಾರ್ಡನ್‌ನಲ್ಲಿ ಲಿಫ್ಟ್ ಸಾಲು ನೋಡಿ ಮೆಟ್ಟಿಲು ಹತ್ತುತ್ತೇನೆ ಅನ್ನುವವರಿಗೆ ಅಲ್ಲಿ 193 ಮೆಟ್ಟಿಲು ಕಾದಿವೆ. ನ್ಯಾಷನಲ್ ಗ್ಯಾಲರಿಯಲ್ಲಿ ಅರ್ಧ ಗಂಟೆ ಕೊಟ್ಟು ವ್ಯಾನ್ ಗೋನ ಸೂರ್ಯಕಾಂತಿ ನೋಡಿ. ಕಾಲಿಗೂ ವಿಶ್ರಾಂತಿ, ಶೌಚಾಲಯವೂ ಸಿಗುತ್ತದೆ.

ವೈಟ್‌ಹಾಲ್ ರಸ್ತೆ ಹಿಡಿದು ಪಾರ್ಲಿಮೆಂಟ್, ಬಿಗ್ ಬೆನ್ ಕಡೆಗೆ. ಇಲ್ಲಿ ಫೋಟೋ ತೆಗೆಯಲು ತಿಣುಕಾಡಬೇಡಿ, ಗೋಪುರ ತೀರಾ ಹತ್ತಿರವಾಯಿತು. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ. ಸೇತುವೆ ಮೇಲೆ ಲೋಟದ ಕೆಳಗೆ ಚೆಂಡಿಟ್ಟು ಜೂಜು ಆಡಿಸುವವರಿರುತ್ತಾರೆ. ಗೆಲ್ಲುತ್ತಿರುವವರೂ ಅವರ ಕಡೆಯವರೇ, ನಿಲ್ಲಲೇಬೇಡಿ.

ಸೇತುವೆ ದಾಟಿದ ಮೇಲೆ ಎಲ್ಲರೂ ಎಡಕ್ಕೆ, ಲಂಡನ್ ಐ ಕಡೆಗೆ ಹೋಗುತ್ತಾರೆ. ನೀವು ಬಲಕ್ಕೆ ಇಳಿಯಿರಿ. ನದಿಯಂಚಿನ ಗೋಡೆಯ ಉದ್ದಕ್ಕೂ ಕೆಂಪು ಹೃದಯಗಳನ್ನು ಬಿಡಿಸಿದ್ದಾರೆ, ಅರ್ಧ ಕಿಲೋಮೀಟರ್‌ನಷ್ಟು. ಕೋವಿಡ್‌ನಲ್ಲಿ ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು. 2021ರಲ್ಲಿ ಮನೆಯವರೇ ಸೇರಿ ಶುರು ಮಾಡಿದ್ದು, ಕೈಬರಹದಲ್ಲಿ ಹೆಸರುಗಳಿವೆ. ಎದುರು ದಡದಲ್ಲಿ ಪಾರ್ಲಿಮೆಂಟ್ ಕಟ್ಟಡ ಪೂರ್ತಿಯಾಗಿ ಕಾಣುತ್ತದೆ. ಮನೆಗೆ ಕಳಿಸುವ ಫೋಟೋ ಇಲ್ಲಿ ತೆಗೆಯಿರಿ.

ಲ್ಯಾಂಬೆತ್ ಸೇತುವೆ ಹತ್ತದೆ, ಅದೇ ದಡದಲ್ಲಿ ಹಾಗೇ ಮುಂದೆ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ಇಲ್ಲಿ ಥೇಮ್ಸ್ ದಂಡೆಯ ಮೇಲೆ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಇಂಗ್ಲಿಷ್ ಗೈಡ್‌ಬುಕ್‌ಗಳ ಪಟ್ಟಿಯಲ್ಲಿ ಇದು ಸಿಗುವುದು ಕಷ್ಟ. ಪ್ರವಾಸಿಗರ ಗದ್ದಲವೂ ಇಲ್ಲ. ಬೆಂಚಿನ ಮೇಲೆ ಕೂತು ತಂದ ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಸುಸ್ತಾಗಿದ್ದರೆ ವಾಕ್ಸ್‌ಹಾಲ್ ಟ್ಯೂಬ್ ನಿಲ್ದಾಣ ಹತ್ತಿರವಿದೆ. ಇಲ್ಲವಾದರೆ ವಾಟರ್‌ಲೂ ಕಡೆಯ ಬಸ್ ಹತ್ತಿ.

ಸಂಜೆಯ ನಡಿಗೆ ಲಂಡನ್ ಐಯಿಂದ ಟವರ್ ಬ್ರಿಡ್ಜ್‌ವರೆಗೆ, ಸೌತ್ ಬ್ಯಾಂಕ್ ದಂಡೆಯಲ್ಲೇ, ಸುಮಾರು 4 ಕಿ.ಮೀ. ಸ್ಕೇಟ್‌ಬೋರ್ಡ್ ಹುಡುಗರು, ಟೇಟ್ ಮಾಡರ್ನ್, ಮಿಲೇನಿಯಂ ಬ್ರಿಡ್ಜ್ ಎಲ್ಲ ಸಾಲಾಗಿ ಬರುತ್ತವೆ. ಈ ಮಿಲೇನಿಯಂ ಬ್ರಿಡ್ಜ್ 2000ದಲ್ಲಿ ತೆರೆದಾಗ ಜನರ ನಡಿಗೆಗೇ ತೂಗಾಡಿ, ಮುಚ್ಚಿ, ಸರಿಮಾಡಿ, 2002ರಲ್ಲಿ ಮತ್ತೆ ತೆರೆದರು. ಪಕ್ಕದಲ್ಲೇ ಶೇಕ್ಸ್‌ಪಿಯರ್ಸ್ ಗ್ಲೋಬ್. ಬೇಸಿಗೆಯಲ್ಲಿ ಹೋದರೆ ಅಂಗಳದಲ್ಲಿ ನಿಂತು ನಾಟಕ ನೋಡುವ ಟಿಕೆಟ್ ಕೆಲವೇ ಪೌಂಡ್‌ಗೆ ಸಿಗುತ್ತದೆ. ತಲೆ ಮೇಲೆ ಸೂರಿಲ್ಲ, ಕೊಡೆ ಬಿಚ್ಚುವಂತಿಲ್ಲ, ಕೂರುವಂತಿಲ್ಲ. ಆದರೂ ಲಂಡನ್ನಿನ ರಂಗಭೂಮಿ ಇಷ್ಟು ಅಗ್ಗಕ್ಕೆ ಬೇರೆಲ್ಲಿ ಸಿಗುತ್ತದೆ? ಟವರ್ ಬ್ರಿಡ್ಜ್ ಕತ್ತಲಾದ ಮೇಲೆ ಚೆಂದ. ಸೇತುವೆ ಮೇಲೆ ನಡೆಯಲು ದುಡ್ಡಿಲ್ಲ, ದುಡ್ಡು ಮೇಲಿನ ಗಾಜಿನ ನೆಲಕ್ಕೆ. ಹಡಗು ಬಂದಾಗ ಸೇತುವೆ ಎತ್ತುವ ಸಮಯ ಅವರ ಸೈಟ್‌ನಲ್ಲಿ ಇರುತ್ತದೆ, ನೋಡಿಕೊಂಡು ಹೋಗಿ.

ತಡವಾದರೆ ಹೆದರಬೇಡಿ. ಶುಕ್ರವಾರ, ಶನಿವಾರ ರಾತ್ರಿ ವಿಕ್ಟೋರಿಯಾ, ಜೂಬಿಲಿ ಲೈನ್‌ಗಳೂ ಸೆಂಟ್ರಲ್, ನಾರ್ದರ್ನ್, ಪಿಕಡಿಲಿ ಲೈನ್‌ಗಳ ಬಹುಭಾಗವೂ ರಾತ್ರಿಯಿಡೀ ಓಡುತ್ತವೆ.

ಊಟದ ಮಾತು

ಮಧ್ಯಾಹ್ನಕ್ಕೆ ಸೂಪರ್ ಮಾರ್ಕೆಟ್‌ನ ಮೀಲ್ ಡೀಲ್, ಅಂದರೆ ಸ್ಯಾಂಡ್‌ವಿಚ್, ತಿನಿಸು, ಪಾನೀಯ ಸೇರಿ ಒಂದು ದರ. ಸಸ್ಯಾಹಾರಿಗಳು ಪೊಟ್ಟಣದ ಮೇಲೆ "ವೆಜಿಟೇರಿಯನ್" ಅಂತ ಬರೆದಿದೆಯೇ ನೋಡಿ ಆರಿಸಬಹುದು. ನೀರು ಕೊಳ್ಳಬೇಡಿ, ಬಾಟಲಿ ಒಯ್ದು ತುಂಬಿಸಿಕೊಳ್ಳಿ. ರೆಸ್ಟೋರೆಂಟ್‌ನಲ್ಲಿ "ಟ್ಯಾಪ್ ವಾಟರ್" ಅಂತಲೇ ಕೇಳಿ, ಇಲ್ಲದಿದ್ದರೆ ಬಾಟಲಿ ತಂದಿಟ್ಟು ಬಿಲ್ ಮಾಡುತ್ತಾರೆ. ಸರ್ವಿಸ್ ಚಾರ್ಜ್ ಅಂತ ಸಾಮಾನ್ಯವಾಗಿ ಶೇ. 12.5 ಸೇರಿಸಿರುತ್ತಾರೆ. ಅದು ಐಚ್ಛಿಕ ಅಂತ ಬರೆದಿದ್ದರೆ ತೆಗೆಯಿರಿ ಎನ್ನಬಹುದು.

ಎರಡು ದಿನ ಸ್ಯಾಂಡ್‌ವಿಚ್ ತಿಂದು ನಾಲಿಗೆ ಜಡ್ಡುಗಟ್ಟಿದ್ದರೆ ಯೂಸ್ಟನ್ ನಿಲ್ದಾಣದ ಪಕ್ಕದ ಡ್ರಮಂಡ್ ಸ್ಟ್ರೀಟ್‌ಗೆ ಹೋಗಿ. ಭೇಲ್‌ಪುರಿ, ದೋಸೆ ಸಿಗುವ ಹಳೆಯ ಭಾರತೀಯ ಸಸ್ಯಾಹಾರಿ ಹೋಟೆಲುಗಳು ಅಲ್ಲಿವೆ. ಬರೋ ಮಾರ್ಕೆಟ್ ನೋಡಲು ಚೆನ್ನ, ಹೊಟ್ಟೆ ತುಂಬಿಸಲು ದುಬಾರಿ.

ಹೆಜ್ಜೆ 7: ಭಾನುವಾರ, ಎರಡರಲ್ಲಿ ಒಂದು

ಭಾನುವಾರದ ಲಂಡನ್ನಿಗೆ ಬೇರೆಯದೇ ನಿಯಮಗಳಿವೆ. ದೊಡ್ಡ ಅಂಗಡಿಗಳು ಕಾನೂನಿನ ಪ್ರಕಾರ ಆರು ಗಂಟೆ ಮಾತ್ರ ವ್ಯಾಪಾರ ಮಾಡಬಹುದು. ವೆಸ್ಟ್‌ಮಿನ್‌ಸ್ಟರ್ ಅಬೆ, ಸೇಂಟ್ ಪಾಲ್ಸ್ ಎರಡೂ ಅಂದು ಪ್ರಾರ್ಥನೆಗಷ್ಟೇ, ಪ್ರವಾಸಿಗರಿಗೆ ಟಿಕೆಟ್ ಇಲ್ಲ. ಪ್ರಾರ್ಥನೆಗೆ ಯಾರು ಬೇಕಾದರೂ ದುಡ್ಡಿಲ್ಲದೆ ಹೋಗಬಹುದು. ಸಂಜೆಯ ಇವನ್‌ಸಾಂಗ್ ಪ್ರಾರ್ಥನೆಯಲ್ಲಿ ಮೇಳದವರ ಹಾಡು ಕೇಳಿ ಕೂತಿದ್ದು ಬರಬಹುದು. ಫೋಟೋ ಮಾತ್ರ ಬೇಡ.

ಬಿಸಿಲಿದ್ದರೆ ಗ್ರೀನಿಚ್. ಬ್ಯಾಂಕ್ ನಿಲ್ದಾಣದಿಂದ ಡಿಎಲ್‌ಆರ್ ಹತ್ತಿ ಗ್ರೀನಿಚ್ ನಿಲ್ದಾಣದಲ್ಲಿ ಇಳಿಯಿರಿ. ಈ ರೈಲಿಗೆ ಮುಂದೆ ಚಾಲಕರ ಕ್ಯಾಬಿನ್ ಇಲ್ಲ, ಮುಂದಿನ ಸೀಟು ಹಿಡಿದರೆ ನೀವೇ ಓಡಿಸಿದ ಹಾಗೆ. ಪಾರ್ಕಿನ ಗುಡ್ಡ ಹತ್ತಿದರೆ ನದಿ, ಕ್ಯಾನರಿ ವಾರ್ಫ್‌ನ ಗೋಪುರಗಳು ಎಲ್ಲ ಕೆಳಗೆ. 1884ರಲ್ಲಿ ಜಗತ್ತಿನ ಶೂನ್ಯ ರೇಖಾಂಶವೆಂದು ಒಪ್ಪಿದ ರೇಖೆ ಇರುವುದು ಇಲ್ಲಿನ ಅಬ್ಸರ್ವೇಟರಿಯಲ್ಲಿ. ಅಂಗಳದೊಳಗೆ ಹೋಗಲು ಟಿಕೆಟ್ ಬೇಕು. ಅದೇ ರೇಖೆ ಹೊರಗಿನ ಕಾಲುದಾರಿಯ ಗೋಡೆಯ ಮೇಲೂ ಇದೆ, ಅಲ್ಲಿ ಯಾರೂ ದುಡ್ಡು ಕೇಳುವುದಿಲ್ಲ. ಫೋನಿನ ಜಿಪಿಎಸ್ ತೆಗೆದು ನೋಡಿ: ಸೊನ್ನೆ ಬರುವುದು ಆ ಗೆರೆಯ ಮೇಲಲ್ಲ, ಅದರಿಂದ ಸುಮಾರು 100 ಮೀಟರ್ ಪೂರ್ವಕ್ಕೆ. ಅಳೆಯುವ ವಿಧಾನ ಬದಲಾಗಿದ್ದರಿಂದ ಹಾಗೆ. ಕೆಳಗಿಳಿದು ಥೇಮ್ಸ್ ಅಡಿಯ ನಡೆದಾರಿ ಸುರಂಗ ಹೊಕ್ಕು ಆಚೆ ದಡಕ್ಕೆ ಹೋಗಿ. 1902ರದು, 370 ಮೀಟರ್, ಉಚಿತ. ವಾಪಸ್ ಬರುವಾಗ ದೋಣಿ ಹತ್ತಬಹುದು, ಕಾರ್ಡ್ ತಟ್ಟಿದರೆ ಆಯಿತು. ಆದರೆ ದೋಣಿಯ ದುಡ್ಡು ದಿನದ ಮಿತಿಗೆ ಸೇರುವುದಿಲ್ಲ.

ಮಳೆ ಬಂದರೆ ಅಥವಾ ನಿಮ್ಮ ರೈಲು ಪ್ಯಾಡಿಂಗ್ಟನ್‌ನಿಂದ ಇದ್ದರೆ ಸೌತ್ ಕೆನ್ಸಿಂಗ್ಟನ್. ಮೂರು ದೊಡ್ಡ ಮ್ಯೂಸಿಯಂಗಳು ಅಕ್ಕಪಕ್ಕ, ಟ್ಯೂಬ್ ನಿಲ್ದಾಣದಿಂದ ಸುರಂಗದಲ್ಲೇ ನಡೆದು ಹೋಗಬಹುದು. ಡೈನೋಸಾರ್ ಸಾಲು ಮಕ್ಕಳಿಗೆ ಬಿಡಿ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿ. ಟಿಪ್ಪುವಿನ ಹುಲಿ ಇರುವುದು ಈ ಮ್ಯೂಸಿಯಂನ ಸಂಗ್ರಹದಲ್ಲಿ. ಮರದ ಹುಲಿ, ಅದರ ಕೆಳಗೆ ಬಿದ್ದ ಯುರೋಪಿನ ಮನುಷ್ಯ, ಹೊಟ್ಟೆಯೊಳಗೆ ಸದ್ದು ಮಾಡುವ ಯಂತ್ರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿ ಹೊತ್ತೊಯ್ದದ್ದು. ನಿನ್ನೆ ನೋಡಿದ ರೊಸೆಟ್ಟಾ ಕಲ್ಲು ಈಜಿಪ್ಟ್‌ನಲ್ಲಿ ಸಿಕ್ಕಿದ್ದೂ ಅದೇ 1799ರಲ್ಲಿ. ಗ್ಯಾಲರಿಗಳನ್ನು ನವೀಕರಣಕ್ಕೆ ಮುಚ್ಚುವುದುಂಟು, ಹುಲಿ ಪ್ರದರ್ಶನದಲ್ಲಿದೆಯೇ ಅಂತ ಸೈಟ್‌ನಲ್ಲಿ ಖಚಿತ ಮಾಡಿಕೊಂಡೇ ಹೊರಡಿ.

ಹೆಜ್ಜೆ 8: ಜೋಪಾನ, ಮತ್ತೆ ವಾಪಸ್

ರಸ್ತೆಯಂಚಿನಲ್ಲಿ ಫೋನ್ ಕೈಯಲ್ಲಿ ಹಿಡಿದು ಮ್ಯಾಪ್ ನೋಡಬೇಡಿ. ಸೈಕಲ್, ಬೈಕಿನಲ್ಲಿ ಬಂದು ಕಸಿದುಕೊಂಡು ಹೋಗುವುದು ಲಂಡನ್ನಿನಲ್ಲಿ ಮಾಮೂಲಿ. ಗೋಡೆಗೆ ಬೆನ್ನು ಕೊಟ್ಟು ನಿಂತು ನೋಡಿ. ಬಣ್ಣದ ದೀಪದ ಸೈಕಲ್ ರಿಕ್ಷಾ ಹತ್ತುವುದಾದರೆ ಒಟ್ಟು ದರ ಮೊದಲೇ ಮಾತಾಡಿ, ಹತ್ತದಿದ್ದರೆ ಇನ್ನೂ ಒಳ್ಳೆಯದು. ಎಸ್ಕಲೇಟರ್‌ನಲ್ಲಿ ಬಲಕ್ಕೆ ನಿಲ್ಲಿ, ಎಡಗಡೆ ಅವಸರದವರಿಗೆ. ತುರ್ತಿಗೆ 999.

ಭಾನುವಾರ ಮಧ್ಯಾಹ್ನದ ಕೊನೆಯ ಜಾಗ ನಿಮ್ಮ ನಿಲ್ದಾಣದ ಹತ್ತಿರದ್ದೇ ಆಗಿರಲಿ. ಕಿಂಗ್ಸ್ ಕ್ರಾಸ್, ಸೇಂಟ್ ಪ್ಯಾಂಕ್ರಸ್, ಯೂಸ್ಟನ್ ಆದರೆ ಬ್ರಿಟಿಷ್ ಲೈಬ್ರರಿ ನಡೆಯುವ ದೂರದಲ್ಲಿದೆ. ಅಲ್ಲಿನ ಟ್ರೆಶರ್ಸ್ ಗ್ಯಾಲರಿಯಲ್ಲಿ ಮ್ಯಾಗ್ನಾ ಕಾರ್ಟಾದಂಥ ಹಳೆಯ ಬರಹಗಳನ್ನು ಉಚಿತವಾಗಿ ನೋಡಬಹುದು, ಭಾನುವಾರ 5ರವರೆಗೆ. ಹಾಸ್ಟೆಲ್‌ನಿಂದ ಬ್ಯಾಗ್ ತೆಗೆದುಕೊಂಡು ರೈಲಿಗೆ ಅರ್ಧ ಗಂಟೆ ಮೊದಲು ನಿಲ್ದಾಣದಲ್ಲಿರಿ. ಪ್ಲಾಟ್‌ಫಾರ್ಮ್ ನಂಬರ್ ಬೋರ್ಡಿನ ಮೇಲೆ ಬರುವುದು ಎಷ್ಟೋ ಸಲ ಕೊನೆಯ ಹದಿನೈದು ನಿಮಿಷದಲ್ಲಿ, ಆಗ ಎಲ್ಲರೂ ಒಟ್ಟಿಗೆ ಓಡುತ್ತಾರೆ. ನಿಲ್ದಾಣದ ಶೌಚಾಲಯ ಉಚಿತ. ರಾತ್ರಿ ಊಟವನ್ನು ಅಲ್ಲಿನ ಸಣ್ಣ ಸೂಪರ್ ಮಾರ್ಕೆಟ್‌ನಲ್ಲಿ ಕೊಂಡೇ ಹತ್ತಿ. ರೈಲಿನೊಳಗಿನ ಬೆಲೆ ಬೇರೆ, ಭಾನುವಾರ ರಾತ್ರಿ ಕೆಲವು ರೈಲುಗಳಲ್ಲಿ ಏನೂ ಸಿಗುವುದೇ ಇಲ್ಲ.